ನನ್ನ ಕೈಯಲ್ಲಿದ್ದ ಜಾಕೆಟ್

ಕಳೆದ ಭಾನುವಾರ ನನಗೆ ಶಾಲು ಹೊದಿಸಿದರು.

ಶಾಲು ಮಾತ್ರವಲ್ಲ. ಗಂಧದ ಹಾರ, ಹಣ್ಣಿನ ಬುಟ್ಟಿ, ಮೇಲೊಂದು ಮೈಸೂರು ಪೇಟ. (ಪೇಟ ನನ್ನ ತಲೆಗೆ ದೊಡ್ಡದಾಗಿ ಹುಬ್ಬಿನವರೆಗೂ ಇಳಿಯಿತು. ಒಳ್ಳೆಯದೇ ಆಯಿತು. ಎದುರು ಕೂತವರ ಮುಖ ನೋಡುವುದು ತಪ್ಪಿತು.) ಒಬ್ಬ ಹೆಂಗಸಿನ ಜೀವ ಉಳಿಸಿದ್ದಕ್ಕೆ ಸನ್ಮಾನ. ಚಪ್ಪಾಳೆ ತಟ್ಟಿದರು, ಫೋಟೋ ತೆಗೆದರು. ಸಂಜೆಯೊಳಗೆ ಆ ಫೋಟೋ ಶನಿವಾರಸಂತೆಯಿಂದ ಹುದಿಕೇರಿಯವರೆಗೆ ಎಲ್ಲರ ಮೊಬೈಲಿಗೂ ಹೋಗಿ ಬಂತು. 'ನಿಮ್ಮಂಥವರು ಸಾವಿರವಾಗಲಿ' ಎಂದು ನಿಮ್ಮಲ್ಲೇ ಎಷ್ಟೋ ಜನ ಮೆಸೇಜು ಹಾಕಿದಿರಿ. ಥ್ಯಾಂಕ್ಸ್.

ಈಗ ದಯವಿಟ್ಟು ಅದನ್ನೆಲ್ಲ ವಾಪಸ್ ತಗೊಳ್ಳಿ.

ಯಾಕೆ ಅಂತೀರಾ? ಆ ಹೆಂಗಸು ನೀರಿಗೆ ಬಿದ್ದದ್ದೇ ನನ್ನಿಂದ.

ಹೊಸಬರಿಗಾಗಿ ಸ್ವಲ್ಪ ಹಿಂದಿನದು ಹೇಳುತ್ತೇನೆ. (ಹಳೇ ಓದುಗರು ಒಂದು ಪ್ಯಾರಾ ಹಾರಿಸಿ. ಈ ಕಥೆ ಕೊರೆದು ಕೊರೆದು ನಿಮ್ಮ ಕಿವಿ ತೂತು ಮಾಡಿದ್ದೇನೆ ಅಂತ ಗೊತ್ತು.) ಕುಶಾಲನಗರದಿಂದ ಸ್ವಲ್ಪ ದೂರದಲ್ಲಿ, ಅಣೆಕಟ್ಟೆಯ ಹಿನ್ನೀರಿನ ನಡುವೆ, ಒಂದು ಗುಡ್ಡದ ಮೇಲೆ ಒಂದು ಪುಟ್ಟ ಊರಿದೆ. ಬೇಸಿಗೆಯಲ್ಲಿ ನೀರು ಇಳಿದರೆ ನಡೆದೇ ಹೋಗಬಹುದು. ಮಳೆಗಾಲದಲ್ಲಿ ನೀರು ಏರಿತೆಂದರೆ ಸುತ್ತಲೂ ಹೊಳೆ, ನಡುವೆ ಊರು. ಕಾಫಿ ಹಣ್ಣು ಕೊಯ್ಯುವ ಕಾಲ ಮುಗಿಯುವ ತನಕ ಅದು ದ್ವೀಪವೇ. ಶಾಲೆಗೆ, ಆಸ್ಪತ್ರೆಗೆ, ಎಸ್ಟೇಟಿನ ಕೆಲಸಕ್ಕೆ, ಸಂತೆಗೆ, ಮದುವೆಗೆ, ಎಲ್ಲದಕ್ಕೂ ಒಂದೇ ದೋಣಿ. ಊರಿನ ಹೆಸರು ಹೇಳುವುದಿಲ್ಲ. ಆಗಲೇ ಬೇಕಾದಷ್ಟು ಮಾನ ಹೋಗಿದೆ. (ಅವರದ್ದಲ್ಲ, ನನ್ನದು.)

ಒಮ್ಮೆ ಆ ದೋಣಿ ಮಗುಚಿತ್ತು. ಪುಣ್ಯಕ್ಕೆ ಎಲ್ಲರೂ ಬದುಕಿದರು. ಆಮೇಲೆ ನಾವು ನಾಲ್ಕು ಜನ ಸೇರಿ ಒಂದು ಸ್ವಯಂಸೇವಕರ ಗುಂಪು ಕಟ್ಟಿದೆವು. ನಮ್ಮ ಲೀಡರ್ ಸುಬೇದಾರ್ ಅಂಕಲ್. ಮೂರ್ನಾಡಿನ ಕೊಡವರು, ಮಿಲಿಟರಿಯಿಂದ ನಿವೃತ್ತರು. ಮೀಸೆಗೂ ಮಾತಿಗೂ ಇಸ್ತ್ರಿ ಹಾಕಿಟ್ಟ ಮನುಷ್ಯ. ಅವರಿವರ ಹತ್ತಿರ ಕೇಳಿ ಲೈಫ್ ಜಾಕೆಟ್ ಸಂಪಾದಿಸಿದೆವು. ಎರಡೂ ದಡದಲ್ಲಿ, ದೋಣಿ ಹತ್ತುವ ಕಡವಿನಲ್ಲಿ, ಒಂದೊಂದು ಶೆಡ್ ಹಾಕಿ, ಮೊಳೆ ಹೊಡೆದು, ಸಾಲಾಗಿ ನೇತುಹಾಕಿದೆವು. ಹತ್ತುವಾಗ ಹಾಕಿಕೊಳ್ಳಿ, ಇಳಿಯುವಾಗ ನೇತುಹಾಕಿ. ಇಷ್ಟೇ ನಮ್ಮ ಉಪದೇಶ.

ಇಷ್ಟನ್ನು ಕಲಿಸುವುದರೊಳಗೆ ನನ್ನ ಗಂಟಲು ಹರಿದುಹೋಯಿತು ಸ್ವಾಮಿ.

ಗಂಡಸರು 'ನಾವು ಹುಟ್ಟಿದ್ದೇ ನೀರಲ್ಲಿ' ಎನ್ನುತ್ತಿದ್ದರು. ಮುದುಕಿಯರು 'ಗಂಗಮ್ಮನ ಮ್ಯಾಲೆ ನಂಬಿಕೆ ಇಲ್ವಾ?' ಎನ್ನುತ್ತಿದ್ದರು. 'ಗಂಗಮ್ಮನಿಗೂ ಜಾಕೆಟ್ಟಿಗೂ ಯಾವ ಜಗಳವೂ ಇಲ್ಲಜ್ಜಿ' ಎಂದು ನಾನು ವಾದ ಮಾಡುತ್ತಿದ್ದೆ. ಹೆಂಗಸರ ತಕರಾರು ಬೇರೆ. ಒಬ್ಬರು ಬಿಚ್ಚಿದ್ದು ಇನ್ನೊಬ್ಬರು ಹಾಕಬೇಕು, ಬೆವರು ನಾತ. ತೇವಕ್ಕೆ ಬೂಷ್ಟು. ಸೀರೆ ಮುದುಡುತ್ತದೆ, ಮುಡಿದ ಹೂವು ನಲುಗುತ್ತದೆ. ಆಗೆಲ್ಲ ನಾನು ಸೊಂಟಕ್ಕೆ ಕೈಯಿಟ್ಟು ಕೇಳುತ್ತಿದ್ದೆ: "ಜೀವ ದೊಡ್ಡದೋ ಸೀರೆ ದೊಡ್ಡದೋ?"

ಈ ಡೈಲಾಗ್ ನನಗೇ ಬಹಳ ಇಷ್ಟವಾಗಿ ಈ ಅಂಕಣದಲ್ಲೂ ಒಮ್ಮೆ ತಲೆಬರಹವಾಗಿ ಬಳಸಿದ್ದೆ. ನೆನಪಿದೆಯಾ?

ಕೊನೆಗೆ ಒಂದು ರೂಲ್ ಮಾಡಿದೆವು. ಜಾಕೆಟ್ ಇಲ್ಲದೆ ದೋಣಿಯಲ್ಲಿ ಕೂತವರು ಎಂಟು ದಿನ ದೋಣಿ ಹತ್ತುವ ಹಾಗಿಲ್ಲ. ಊರಿನ ಯಜಮಾನರು ಬಸವರಾಜಣ್ಣ ಒಪ್ಪಿ ಸಭೆಯಲ್ಲಿ ಘೋಷಿಸಿದರು. ಈ ರೂಲಿನ ಐಡಿಯಾ ಯಾರದ್ದು ಗೊತ್ತೇ? ನನ್ನದೇ. ದಂಡ ಹಾಕಿದರೆ ಕಟ್ಟಿ ಮರೆಯುತ್ತಾರೆ, ದೋಣಿ ನಿಲ್ಲಿಸಿದರೆ ಬುದ್ಧಿ ಬರುತ್ತದೆ ಎಂದು ಭಾಷಣ ಬಿಗಿದಿದ್ದೆ. ರೂಲ್ ಕೆಲಸ ಮಾಡಿತು. ಒಂದಿಬ್ಬರು ಎಂಟೆಂಟು ದಿನ ದಡದಲ್ಲಿ ಕೂತದ್ದೇ ತಡ, ಊರಿಗೆ ಊರೇ ಕಿತ್ತಳೆ ಬಣ್ಣವಾಯಿತು. ಮಕ್ಕಳಂತೂ ಯಾರೂ ಹೇಳದೆಯೇ ಹಾಕಿಕೊಳ್ಳತೊಡಗಿದವು.

ಇನ್ನು ಆ ಮದುವೆಗೆ ಬರೋಣ.

ಊರಿನ ಹುಡುಗಿಯೊಬ್ಬಳ ಮದುವೆ, ಸೋಮವಾರಪೇಟೆಯ ಕಲ್ಯಾಣ ಮಂಟಪದಲ್ಲಿ. ಬೆಳಿಗ್ಗೆ ಹೆಣ್ಣಿನ ಕಡೆಯವರು ದೋಣಿಯಲ್ಲಿ ಊರಿನಿಂದ ಆಚೆ ದಡಕ್ಕೆ ದಾಟಬೇಕು. ಹಿಂದಿನ ದಿನ ಸುಬೇದಾರ್ ಅಂಕಲ್ ಫೋನ್ ಮಾಡಿದರು.

"ಮೇಡಂ, ನಾಳೆ ದಿಬ್ಬಣ ಉಂಟು. ಹೆಂಗಸರು ರೇಷ್ಮೆ ಸೀರೆ ಉಟ್ಟು ಬರ್ತಾರೆ, ಜಾಕೆಟ್ ಬಿಚ್ತಾರೆ, ಖಂಡಿತ. ನೀವೇ ಹೋಗ್ಬೇಕು."

"ನಾನೇ ಯಾಕೆ ಅಂಕಲ್?"

"ಎಂತ ಮಾರಾಯ್ರೆ, ಹೆಂಗಸರ ಹತ್ರ ಜಗಳ ಆಡ್ಲಿಕ್ಕೆ ನನ್ನಿಂದ ಆಗ್ತದಾ? ಚೀನಾದವರ ಹತ್ರ ಬೇಕಾದ್ರೆ ಆಡ್ತೇನೆ."

ಸರಿ, ಹೊರಟೆ. ಡ್ಯೂಟಿಯೂ ಹೌದು, ಮದುವೆ ಊಟವೂ ಹೌದು. ಹಾಗಾಗಿ ಹೊಸ ಸೀರೆ ಉಟ್ಟೆ. ದೀಪಾವಳಿಗೆ ತಗೊಂಡ ಗಿಳಿಹಸಿರಿನ ಮೈಸೂರು ಸಿಲ್ಕು, ಇನ್ನೂ ಒಂದೇ ಒಂದು ಫೋಟೋಗೂ ಸಿಕ್ಕಿರಲಿಲ್ಲ. ನಮ್ಮ ಮನೆಯವರು ಬಾಗಿಲಲ್ಲಿ ನಿಂತು "ಯಾರ ಮದುವೆ, ನಿಂದಾ?" ಎಂದು ರೇಗಿಸಿದರು. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ಮೊದಲ ದೋಣಿಯಲ್ಲೇ ಊರಿಗೆ ಹೋದೆ. ಮದುಮಗಳಿಗೆ ಆಗಲೇ ಅವಳಮ್ಮ ಧಾರೆ ಸೀರೆಯ ಮೇಲೆ ಜಾಕೆಟ್ ಕಟ್ಟಿಯಾಗಿತ್ತು. ಬಾಸಿಂಗದ ಕೆಳಗೆ ಕಿತ್ತಳೆ ಬಣ್ಣದ ಉಬ್ಬಿದ ಎದೆ. ನಗು ಬಂತು, ಹೆಮ್ಮೆಯೂ ಆಯಿತು. ಅವಳ ಪಕ್ಕದಲ್ಲಿ ಕಳಸಗಿತ್ತಿ. ಮದುಮಗಳ ಜೊತೆ ಕಳಸ ಹಿಡಿದು ನಡೆಯುವ ಮುತ್ತೈದೆಯನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಈ ಮದುವೆಯ ಕಳಸಗಿತ್ತಿ ಭಾಗ್ಯ.

ಭಾಗ್ಯ ಊರಿನಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಪರಿಚಯ. ಆಚೆ ದಡದ ಎಸ್ಟೇಟೊಂದಕ್ಕೆ ಕಾಫಿ ಹಣ್ಣು ಕೊಯ್ಯಲು, ಎಂದರೆ ಪಿಕ್ಕಿಂಗಿಗೆ, ಹೋಗುತ್ತಾಳೆ. ಮಗಳು ಆಚೆ ದಡದ ಶಾಲೆಯಲ್ಲಿ ಓದುತ್ತಾಳೆ. ಊರಿನಲ್ಲಿ ಮೊಟ್ಟಮೊದಲು ಜಾಕೆಟ್ ಹಾಕಿದ ಹೆಂಗಸು ಅವಳೇ. ಆ ದಿನ ಕಳಸ ಕೈಗೆ ತೆಗೆದುಕೊಳ್ಳುವ ಮೊದಲು ನನ್ನ ಕಿವಿಯ ಹತ್ತಿರ ಬಂದು ಕೇಳಿದಳು.

"ಅಕ್ಕ, ಕಳಸ ಹಿಡಿಯೋಳು ಸೆರಗು ಕಾಣೋ ಹಂಗೆ ಇರ್ಬೇಕು ಅಂತಾರೆ. ಈವತ್ತೊಂದಿನ ಬಿಚ್ಲಾ?"

"ಬಿಚ್ಚಿದರೆ ಎಂಟು ದಿನ ನಿನ್ನ ಪಿಕ್ಕಿಂಗ್ ಹೋಯ್ತು ನೋಡು," ಎಂದೆ. ಗದರಿಸಿಯೇ ಎಂದೆ. ಪಾಪ, ಜಾಕೆಟ್ಟಿನ ಕಟ್ಟು ಬಿಗಿದುಕೊಂಡಳು.

ದೋಣಿ ಹೊರಟಿತು. ನಡೆಸುವವನು ರುದ್ರಣ್ಣ. ದೋಣಿ ತುಂಬ ಹೆಂಗಸರು, ಹಾಡು, ನಗು. ಗಂಡಸರೆಲ್ಲ ಮೊದಲೇ ಆಚೆ ದಡಕ್ಕೆ ಹೋಗಿ ಕಾಯುತ್ತಿದ್ದರು. ಬಿಸಿಲು ಆಗಷ್ಟೇ ಮಂಜು ಸರಿಸಿ ನೀರಿನ ಮೇಲೆ ಬಿದ್ದಿತ್ತು. ಇಂಥ ಬೆಳಕು ದಿನಾ ಸಿಗುವುದಿಲ್ಲ ಎಂದು ಮೊಬೈಲ್ ತೆಗೆದೆ. ಮೊದಲು ಅವರ ಫೋಟೋ ತೆಗೆದೆ. ಆಮೇಲೆ ಪಕ್ಕದವರ ಕೈಗೆ ಮೊಬೈಲ್ ಕೊಟ್ಟು ನನ್ನದೊಂದು ತೆಗೆಸಿಕೊಂಡೆ. ನೋಡಿದೆ. ಹಸಿರು ಸೀರೆ ಎಲ್ಲಿದೆ? ಬರೀ ಜಾಕೆಟ್ಟು, ಅದರ ಮೇಲೆ ನನ್ನ ತಲೆ. ಕುಂಬಳಕಾಯಿಗೆ ಕನ್ನಡಕ ಹಾಕಿದ ಹಾಗೆ.

ಬಿಚ್ಚಿದೆ.

ಹೌದು, ನಾನೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಕಟ್ಟು ಸಡಿಲಿಸಿ, ಜಾಕೆಟ್ ಎಡಗೈಯಲ್ಲಿ ಹಿಡಿದು, ಸೆರಗು ಸರಿಮಾಡಿಕೊಂಡೆ.

"ಅಕ್ಕ, ಹಾಕ್ಕಳಿ," ಎಂದ ರುದ್ರಣ್ಣ.

"ಒಂದೇ ನಿಮಿಷ ರುದ್ರಣ್ಣ. ಒಂದು ಫೋಟೋ."

ಹೆಂಗಸರು ಹೋ ಎಂದು ನಕ್ಕರು. 'ಅಕ್ಕನೇ ಬಿಚ್ಚಿದ್ರು ಕಣ್ರೇ!' ಎಂದು ಒಬ್ಬಳು ಕೂಗಿದಳು. ಅಷ್ಟೇ ಸಾಕಾಯಿತು. ಪಟಪಟ ಎಂದು ಕಟ್ಟುಗಳು ಬಿಚ್ಚಿಕೊಂಡವು. ಭಾಗ್ಯ ನನ್ನ ಮುಖ ನೋಡಿದಳು. ನಾನು ನಕ್ಕೆ. ಆ ನಗುವೇ ಪರ್ಮಿಶನ್ ಎಂದುಕೊಂಡಳು. ಎಂದುಕೊಳ್ಳುವುದೇನು, ಪರ್ಮಿಶನ್ನೇ ಅದು. ಅವಳೂ ಬಿಚ್ಚಿ, ಕಳಸ ಎತ್ತಿಕೊಂಡು, ಮದುಮಗಳ ಪಕ್ಕ ಕೂತಳು. ಮದುಮಗಳೊಬ್ಬಳು ಮಾತ್ರ ಬಿಚ್ಚಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ನಿಲ್ಲಿಸಿದೆನೇ? ನನ್ನ ಫೋಟೋ ಆದಮೇಲೆ ಮೊಬೈಲ್ ವಾಪಸ್ ತಗೊಂಡು ನಾನೇ ಕೂಗಿದೆ:

"ಭಾಗ್ಯ, ಕಳಸ ಕಾಣ್ತಿಲ್ಲ. ಸ್ವಲ್ಪ ಎದ್ದು ನಿಲ್ಲು."

ಅವಳು ಎದ್ದಳು. ಅವಳು ಎದ್ದಳೆಂದು ಹಿಂದಿನ ಇಬ್ಬರು ಪಕ್ಕಕ್ಕೆ ವಾಲಿದರು. ದೋಣಿ ಒಂದು ಸಲ ಹಾಗೆ, ಒಂದು ಸಲ ಹೀಗೆ. ನನ್ನ ಮೊಬೈಲಿನ ಪರದೆಯಲ್ಲಿ ಭಾಗ್ಯ ಇದ್ದಳು, ಮರುಕ್ಷಣ ಇರಲಿಲ್ಲ. ಬರೀ ನೀರು ಕಾಣಿಸಿತು.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಕಿರುಚಾಟ ನೆನಪಿದೆ. ಕಳಸದ ತೆಂಗಿನಕಾಯಿ ತೇಲಿಹೋದದ್ದು ನೆನಪಿದೆ. ಭಾಗ್ಯಳ ಕೈ ಒಮ್ಮೆ ಮೇಲೆ ಬಂತು, ಮತ್ತೆ ಒಳಗೆ ಹೋಯಿತು. ರೇಷ್ಮೆ ಸೀರೆ ನೀರು ಕುಡಿದರೆ ಎಷ್ಟು ಭಾರ ಎಂದು ಒಗೆದವರಿಗೆ ಗೊತ್ತು. ನನ್ನ ಎಡಗೈಯಲ್ಲಿ ಜಾಕೆಟ್ ಇತ್ತಲ್ಲ, ಅದನ್ನು ಎಸೆದೆ. ಅವಳ ಕೈಗೆ ಸಿಕ್ಕಿತು. ಅಪ್ಪಿ ಹಿಡಿದಳು. ರುದ್ರಣ್ಣ ಹುಟ್ಟು ಚಾಚಿ ದೋಣಿಯ ಹತ್ತಿರ ಎಳೆದ. ಎಲ್ಲರೂ ಸೇರಿ ಮೇಲೆ ಎತ್ತಿದೆವು.

ನೀರು ಕಾರಿದಳು. ಕೆಮ್ಮಿದಳು. ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, "ಕಳಸ ಎಲ್ಲಿ?"

ಕಳಸ ಹೋಗಿತ್ತು. ದಡದಲ್ಲಿ ಕಾಯುತ್ತಿದ್ದ ಯಜಮಾನರು ಬಸವರಾಜಣ್ಣ ದೊಡ್ಡ ಮನಸ್ಸಿನಿಂದ "ಗಂಗಮ್ಮ ಕೇಳಿ ತಗೊಂಡವ್ಳೆ, ಒಳ್ಳೇದೇ ಆಯ್ತು ಬಿಡಿ" ಎಂದು ಬೇರೆ ಕಳಸ ತರಿಸಿದರು. ಭಾಗ್ಯ ಯಾರದೋ ಸೀರೆ ಉಟ್ಟು ಮಂಟಪಕ್ಕೆ ಬಂದಳು. ಮದುವೆ ನಡೆಯಿತು. ಹೋಳಿಗೆ ಊಟ. ನಾನೂ ಉಂಡೆ. (ಎರಡನೇ ಹೋಳಿಗೆ ಬೇಡ ಎಂದೆ. ಅಷ್ಟು ಮಾತ್ರ ನಾಚಿಕೆ ಆಗ ಬಂದಿತ್ತು.)

ಭಾನುವಾರ ಸಭೆ. ಊರಿನ ಕಡವಿನ ಮರದ ಕೆಳಗೆ ನಮ್ಮ ಗುಂಪಿನವರು, ಊರಿನವರು, ಎಲ್ಲ ಸೇರಿದ್ದರು. ಸುಬೇದಾರ್ ಅಂಕಲ್ ಎದ್ದು ನಿಂತು ಮೀಸೆ ಸವರಿ ನೇರವಾಗಿ ಕೇಳಿದರು.

"ಎಂತ ಆಯ್ತು ಆ ದಿನ? ಯಾರು ಮೊದ್ಲು ಬಿಚ್ಚಿದ್ದು?"

ಎದ್ದು ನಿಲ್ಲಬೇಕಿತ್ತು. ದೇವರಾಣೆಗೂ ನಿಲ್ಲಬೇಕೆಂದೇ ಹೋಗಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಯಿ ತೆರೆಯುವುದಕ್ಕೆ ಒಂದು ಉಸಿರು ಎಳೆದುಕೊಂಡೆ, ಅಷ್ಟರಲ್ಲಿ ಹಿಂದಿನಿಂದ ಭಾಗ್ಯಳ ದನಿ ಬಂತು.

"ನಾನೇ ಸಾರ್. ಸೆಕೆ ಆಯ್ತು, ಬಿಚ್ಚಿದೆ. ಕಳಸ ತೋರ್ಸಕ್ಕೆ ಅಂತ ಎದ್ದೆ, ಜಾರಿದೆ."

ದೋಣಿಯಲ್ಲಿದ್ದ ಅಷ್ಟೂ ಹೆಂಗಸರು ನೆಲ ನೋಡಿದರು. ರುದ್ರಣ್ಣ ನೀರು ನೋಡಿದ. ನಾನು ಎಳೆದುಕೊಂಡ ಉಸಿರನ್ನು ಹಾಗೇ ಬಿಟ್ಟೆ.

ಯಾಕೆ ಸುಮ್ಮನಾದೆ? ಹೇಳುತ್ತೇನೆ, ನೆಪ ಹುಡುಕುವುದಿಲ್ಲ. ಹಾಯೆನಿಸಿತು. ಅಷ್ಟೇ ನಿಜ. ಬೇರೆ ಯಾರೋ ನನ್ನ ಹೊರೆ ಎತ್ತಿಕೊಂಡರಲ್ಲ ಎಂದು ಹಾಯೆನಿಸಿತು.

ಬಸವರಾಜಣ್ಣ ರೂಲಿನಂತೆ ಹೇಳಿದರು: ಭಾಗ್ಯ ಎಂಟು ದಿನ ದೋಣಿ ಹತ್ತುವ ಹಾಗಿಲ್ಲ. ಮಿಕ್ಕ ಹೆಂಗಸರಿಗೆ ಎಚ್ಚರಿಕೆ, ಅವರು ಬಿಚ್ಚಿದ್ದು ಅವಳನ್ನು ನೋಡಿ. ಆಮೇಲೆ ಸುಬೇದಾರ್ ಅಂಕಲ್ ಗಂಟಲು ಸರಿಮಾಡಿಕೊಂಡರು. "ಆದರೆ ನಮ್ಮ ಮೇಡಂ! ಎಂತ ಸಮಯಪ್ರಜ್ಞೆ! ತನ್ನ ಮೈಮೇಲಿನ ಜಾಕೆಟನ್ನೇ ಬಿಚ್ಚಿ ಎಸೆದ್ರಲ್ಲ!" ಹೇಗೋ ಏನೋ, ಕಥೆ ಅವರ ಕಿವಿಗೆ ಹೀಗೆ ತಲುಪಿತ್ತು. ಶಾಲು ಬಂತು. ಹಾರ ಬಂತು. ಪೇಟ ಬಂತು.

ಅಲ್ಲಾದರೂ ಹೇಳಬಹುದಿತ್ತು. ಶಾಲು ಹೊದ್ದವಳು ಕೈಮುಗಿದು ನಗುತ್ತಾ ನಿಂತೆ.

ಮನೆಗೆ ಬಂದು ಶಾಲನ್ನು ಕಪಾಟಿನ ತಳಕ್ಕೆ ತುರುಕಿದೆ. ನಮ್ಮ ಮನೆಯವರು ಹಣ್ಣಿನ ಬುಟ್ಟಿಯಿಂದ ಸೇಬು ತೆಗೆದು ತಿನ್ನುತ್ತಾ "ಜೀವರಕ್ಷಕಿ" ಎಂದರು. ಅವರ ಮೇಲೆ ಹರಿಹಾಯ್ದೆ. ಪಾಪ, ಅವರಿಗೇನು ಗೊತ್ತು? ಇಡೀ ಸೋಮವಾರ ಫೋನು ಕುಯ್ ಕುಯ್ ಎನ್ನುತ್ತಿತ್ತು, ಅಭಿನಂದನೆ, ಅಭಿನಂದನೆ. ನಾನು ಮಾತ್ರ ಒಂದೇ ಲೆಕ್ಕ ಹಾಕುತ್ತಿದ್ದೆ. ಇದು ಹಣ್ಣಿನ ಕಾಲ. ಎಂಟು ದಿನ ಆಚೆ ದಡಕ್ಕೆ ಹೋಗದಿದ್ದರೆ ಎಸ್ಟೇಟಿನಲ್ಲಿ ಭಾಗ್ಯಳ ಜಾಗ ಉಳಿಯುತ್ತದೆಯೇ?

ಮಂಗಳವಾರ ಬೆಳಿಗ್ಗೆ ಮೊದಲ ದೋಣಿಗೆ ಹೋದೆ. ಭಾಗ್ಯ ಜಗಲಿಯಲ್ಲಿ ಕೂತು ಮಗಳಿಗೆ ಜಡೆ ಹಾಕುತ್ತಿದ್ದಳು. ಎದ್ದಳು, ಚಾಪೆ ಹಾಸಿದಳು, ಕಾಫಿ ತಂದಳು. ಇನ್ನೂ ಸಣ್ಣಗೆ ಕೆಮ್ಮುತ್ತಿದ್ದಳು. ಮಗಳು ಚೀಲ ಹುಡುಕಲು ಒಳಗೆ ಹೋದಾಗ ಕೇಳಿದೆ.

"ಯಾಕೆ ಹಾಗೆ ಹೇಳಿದೆ ಭಾಗ್ಯ? ನನ್ನ ಮಾನ ಉಳಿಸೋದಕ್ಕೆ ನೀನ್ಯಾಕೆ..."

"ನಿಮಗೋಸ್ಕರ ಅಲ್ಲ ಅಕ್ಕ," ಎಂದಳು. ಕೋಪವಿಲ್ಲ. ಅಕ್ಕಿಯಲ್ಲಿ ಕಲ್ಲು ತೆಗೆದು ಪಕ್ಕಕ್ಕಿಡುವ ಹಾಗೆ ಹೇಳಿದಳು.

"ಮತ್ತೆ?"

"ಗಂಡಸ್ರು ಕಾಯ್ತಾ ಅವ್ರೆ. ಯಾವಾಗ ಒಂದು ನೆಪ ಸಿಗ್ತದೆ, ಜಾಕೆಟ್ ಎಸೆಯಣ ಅಂತ. ಅಕ್ಕನೇ ಬಿಚ್ಚಿದ್ರು ಅಂತ ಸಭೇಲಿ ಎದ್ದಿದ್ರೆ ಮುಗೀತು. ಇವತ್ತು ಒಬ್ರೂ ಹಾಕ್ತಿರ್ಲಿಲ್ಲ. ದೊಡ್ಡೋರು ಹಾಕ್ದಿದ್ರೆ ಮಕ್ಳು ಹಾಕ್ತವಾ? ನನ್ ಮಗ್ಳು ದಿನಾ ಎರಡು ಸಲ ಈ ನೀರು ದಾಟ್ಬೇಕು. ಭಾಗ್ಯ ಬಿಚ್ಚಿದ್ಲು ಬಿದ್ಲು ಅಂದ್ರೆ ಪಾಠ ಆಯ್ತದೆ. ಅದ್ಕೇ ಹೆಂಗಸ್ರಿಗೆಲ್ಲ ಹೇಳಿದೆ, ಯಾರೂ ಬಾಯಿ ಬಿಡ್ಬ್ಯಾಡಿ ಅಂತ."

"ನಿನ್ನ ಕೆಲಸ?"

"ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟ್ರು ಫೋನ್ ಮಾಡಿದ್ರು. ಕೆಲ್ಸಕ್ಕೆ ಅಂತ ಅಸ್ಸಾಮಿನವ್ರು ಬಂದು ಕೂಲಿ ಲೈನ್ ಮನೇಲಿ ಕೂತವ್ರಂತೆ. ನಾಳೆ ಬರ್ದಿದ್ರೆ ಈ ಸೀಜನ್ನಿಗೆ ನನ್ನ ಜಾಗಕ್ಕೆ ಅವ್ರನ್ನ ಹಾಕ್ಕೋತೀನಿ ಅಂದ್ರು." ಕಾಫಿ ಲೋಟ ನನ್ನ ಕಡೆ ಸರಿಸಿದಳು. "ಹೋದ್ರೆ ಹೋಗ್ಲಿ. ಏನೋ ಒಂದು ಆಯ್ತದೆ. ನೀವು ಮಾತ್ರ ಹೇಳ್ಬ್ಯಾಡಿ ಅಕ್ಕ."

ನಾನು ಮಾಡಿದ ತಪ್ಪಿಗೆ ಇವಳು ಕೆಲಸ ಕಳೆದುಕೊಳ್ಳುತ್ತಿದ್ದಾಳೆ. ಕಳೆದುಕೊಂಡದ್ದು ವ್ಯರ್ಥವಾಗಬಾರದು ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದಾಳೆ. ಭೂಮಿ ಬಾಯಿಬಿಡಬಾರದೇ ಎನ್ನುತ್ತಾರಲ್ಲ, ಆ ಮಾತು ಎಲ್ಲಿ ಹುಟ್ಟಿತೆಂದು ಆ ಜಗಲಿಯಲ್ಲಿ ಗೊತ್ತಾಯಿತು.

ಮಗಳನ್ನು ದೋಣಿ ಹತ್ತಿಸಲು ಅವಳು ಕಡವಿಗೆ ಬಂದಳು. ನಾನೂ ಬಂದೆ. ಶಾಲೆಯ ಮಕ್ಕಳು, ಪಿಕ್ಕಿಂಗಿಗೆ ಹೋಗುವವರು, ಹಾಲಿನ ಕ್ಯಾನಿನವನು, ಎಲ್ಲ ಅಲ್ಲಿದ್ದರು. ಬಸವರಾಜಣ್ಣನೂ ಶೆಡ್ಡಿನ ಪಕ್ಕ ನಿಂತಿದ್ದರು. ಭಾಗ್ಯಳ ಜೊತೆ ದಿನಾ ಎಸ್ಟೇಟಿಗೆ ಹೋಗುವ ಹೆಂಗಸರು ಬುಟ್ಟಿ ಹಿಡಿದು ದೋಣಿ ಹತ್ತುತ್ತಿದ್ದರು. ಅವಳು ಅವರನ್ನೇ ನೋಡುತ್ತಾ ನಿಂತಳು.

ನನಗೆ ತಡೆಯಲಾಗಲಿಲ್ಲ.

"ಬಸವರಾಜಣ್ಣ," ಎಂದು ಕೂಗಿದೆ. ಎಲ್ಲರೂ ತಿರುಗಿದರು. "ಆ ದಿನ ಮೊದಲು ಜಾಕೆಟ್ ಬಿಚ್ಚಿದ್ದು ಭಾಗ್ಯ ಅಲ್ಲ. ನಾನು. ಫೋಟೋಗೋಸ್ಕರ ಬಿಚ್ಚಿದೆ. ಅವಳು ಎದ್ದು ನಿಂತದ್ದೂ ನಾನು ಹೇಳಿದ್ದಕ್ಕೆ. ಸಭೆಯಲ್ಲಿ ಹೇಳಲಿಲ್ಲ. ತಪ್ಪಾಯ್ತು."

ಹೇಳಿದೊಡನೆ ಎದೆ ಹಗುರಾಯಿತು. ನಿಜ ಹೇಳಿದೆನಲ್ಲ, ಇನ್ನು ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಎಷ್ಟು ಹೊತ್ತು ಆ ಹಗುರ? ಭಾಗ್ಯಳ ಮುಖ ನೋಡುವವರೆಗೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

ಬಸವರಾಜಣ್ಣ ಬೈಯುತ್ತಾರೆಂದು ಕಾದೆ. ಅವರು ನಕ್ಕುಬಿಟ್ಟರು.

"ಅಯ್ಯೋ ಬಿಡಿ ಮೇಡಂ, ಇಷ್ಟಕ್ಕೆ ಇಷ್ಟೊಂದು ಬೇಜಾರಾ? ಏನೋ ಒಂದು ಫೋಟೋ. ಆಗ್ತದೆ."

"ಆಗ್ತದೆ ಅಲ್ಲ. ರೂಲ್ ಇದೆಯಲ್ಲ. ನನಗೂ ಎಂಟು ದಿನ ಹಾಕಿ."

"ನಿಮಗಾ? ಚೆನ್ನಾಗಿ ಹೇಳಿದ್ರಿ! ನಿಮ್ಮ ಮನೆ ಇರೋದು ಆಚೆ ದಡದಲ್ಲಿ, ನಿಮಗೆ ನೂರೆಂಟು ಕೆಲಸ. ನಿಮ್ಮನ್ನ ಇಲ್ಲಿ ಕೂರಿಸ್ಕೊಳ್ಳಕ್ಕೆ ಆಗ್ತದಾ?"

"ಹಾಗಾದರೆ ಭಾಗ್ಯಂದೂ ಬಿಟ್ಟುಬಿಡಿ. ಅವಳ ಕೆಲಸವೂ ಆಚೆ ದಡದಲ್ಲೇ ಇದೆ."

ಅವರ ನಗು ಹೋಯಿತು. "ಅವಳು ಬಿಚ್ಚಿದ್ದು ಸುಳ್ಳಾ ಮೇಡಂ?"

"ಸುಳ್ಳಲ್ಲ, ಆದರೆ ನನ್ನನ್ನು ನೋಡಿ ಬಿಚ್ಚಿದ್ದು. ಮಿಕ್ಕವರ ಹಾಗೆ ಅವಳಿಗೂ ಎಚ್ಚರಿಕೆ..."

"ಸಭೇಲಿ ಹೇಳಿದ್ದು ಮುಗೀತು ಮೇಡಂ. ರೂಲ್ ಅಂದ್ರೆ ರೂಲ್. ಒಬ್ರಿಗೆ ಬಿಟ್ರೆ ಎಲ್ರೂ ಕೇಳ್ತಾರೆ. ನೀವೇ ಕಲಿಸಿದ್ದು."

ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದ್ದರೆ ಕಳಿಸಿಕೊಡಿ.

ಅಷ್ಟರಲ್ಲಿ ದೋಣಿಯಲ್ಲಿದ್ದ ಒಬ್ಬ, ಆಚೆ ದಡದ ಗ್ಯಾರೇಜಿನಲ್ಲಿ ಕೆಲಸ ಮಾಡುವ ಮನು, ಜಾಕೆಟ್ಟಿನ ಕಟ್ಟು ಬಿಚ್ಚಿದ. "ಅಕ್ಕಂಗಿಲ್ದಿದ್ ರೂಲ್ ನಮಗ್ಯಾಕೆ?" ಎಂದು ಅದನ್ನು ಶೆಡ್ಡಿನ ಕಡೆಗೆ ಎಸೆದ. ಪಕ್ಕದವನೂ ಬಿಚ್ಚಿದ. ಹಾಲಿನ ಕ್ಯಾನಿನವನು ಕೇಳಿ ನಕ್ಕು ಅವನೂ ಬಿಚ್ಚಿದ. ಬಸವರಾಜಣ್ಣ "ಏಯ್, ಏಯ್" ಎಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಭಾಗ್ಯ ಓಡಿಹೋಗಿ ನೀರಿಗಿಳಿದು ದೋಣಿಯ ಅಂಚು ಹಿಡಿದಳು. "ಹಾಕ್ಕಳೋ ಮನು! ನೀರು ಕುಡ್ದೋಳು ನಾನು ಹೇಳ್ತಿದೀನಿ, ಹಾಕ್ಕಳೋ!" ಅವನು ಬೇರೆ ಕಡೆ ನೋಡಿದ. ಅವಳ ಮಗಳು ದೋಣಿಯೊಳಗಿಂದ ಒಮ್ಮೆ ಅಮ್ಮನನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

"ಅಮ್ಮ, ನಾನೂ ಬಿಚ್ಲಾ?"

ಭಾಗ್ಯ ಮಗಳ ಜಾಕೆಟ್ಟಿನ ಕಟ್ಟನ್ನು ಇನ್ನಷ್ಟು ಬಿಗಿದು, ಎರಡು ಗಂಟು ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹೇಳ್ಬ್ಯಾಡಿ ಅಂದಿದ್ದೆ ಅಲ್ವಾ ಅಕ್ಕ," ಎಂದಳು. ಅಷ್ಟೇ.

ಸುಮ್ಮನಿದ್ದಾಗ ಅವಳ ಕೆಲಸ ಕಳೆದೆ. ಬಾಯಿಬಿಟ್ಟು, ಅವಳು ಆ ಕೆಲಸವನ್ನೇ ಬೆಲೆಯಾಗಿ ತೆತ್ತು ಉಳಿಸಿದ್ದ ಜಾಕೆಟ್ಟಿನ ರೂಲನ್ನೂ ಕಳೆದೆ. ಸತ್ಯ ಹೇಳಿದ್ದು ಅವಳಿಗಾಗಿ ಎಂದುಕೊಂಡಿದ್ದೆನಲ್ಲ, ಅದೂ ಸುಳ್ಳೇ. ನನ್ನ ಎದೆ ಹಗುರ ಮಾಡಿಕೊಳ್ಳಲು ಹೇಳಿದೆ. ಅವಳನ್ನು ಒಂದು ಮಾತು ಕೇಳಿದೆನೇ? ಅವಳು ಬೇಡವೆಂದು ಬಾಯಿಬಿಟ್ಟು ಹೇಳಿದ್ದಳು. ಆಗಲೂ ನನ್ನದೇ ದೊಡ್ಡದಾಯಿತು. ಫೋಟೋದಲ್ಲೂ ನಾನೇ, ಸನ್ಮಾನದಲ್ಲೂ ನಾನೇ, ಕೊನೆಗೆ ಪಶ್ಚಾತ್ತಾಪದಲ್ಲೂ ನಾನೇ ನಡುವೆ ನಿಲ್ಲಬೇಕು. ಥೂ.

ರುದ್ರಣ್ಣ ಹಗ್ಗ ಬಿಚ್ಚಿದ. "ಮೇಡಂ, ಹತ್ತಿ. ಮಕ್ಳಿಗೆ ಶಾಲೆಗೆ ಹೊತ್ತಾಯ್ತು."

ನಾನು ಹತ್ತುವುದಿಲ್ಲ ಎನ್ನಬಹುದಿತ್ತು. ಯಾರೂ ಶಿಕ್ಷೆ ಹಾಕದಿದ್ದರೂ ನಾನೇ ಎಂಟು ದಿನ ಆ ದಡದಲ್ಲಿ ಕೂರಬಹುದಿತ್ತು. ಅವಳ ಜಗಲಿ ಇತ್ತು, ಚಾಪೆ ಇತ್ತು. ನಾನು ಕೂತಿದ್ದರೆ ಮನು ಆ ಜಾಕೆಟ್ ಮತ್ತೆ ತಗೊಳ್ಳುತ್ತಿದ್ದನೇನೋ. ಬಸವರಾಜಣ್ಣ ಭಾಗ್ಯಳನ್ನು ಬಿಡುತ್ತಿದ್ದರೇನೋ. ಇದೆಲ್ಲ ಆಗ ಹೊಳೆಯಲಿಲ್ಲ ಎಂದು ಬರೆದರೆ ನೀವು ನಂಬುತ್ತೀರಿ. ಆದರೆ ಹೊಳೆದಿತ್ತು. ಹಾಗೆಯೇ ಹನ್ನೊಂದು ಗಂಟೆಗೆ ವಾಷಿಂಗ್ ಮೆಷಿನ್ ರಿಪೇರಿಯವನು ಬರುತ್ತೇನೆ ಎಂದದ್ದೂ ನೆನಪಾಯಿತು.

ಜಾಕೆಟ್ ಹಾಕಿಕೊಂಡೆ. ಹತ್ತಿದೆ. ದೋಣಿ ಅಲುಗಾಡದ ಹಾಗೆ ಅಂಚು ಹಿಡಿದುಕೊಂಡವಳು ಭಾಗ್ಯ. ಅವಳು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು, ನಾನು ಅವಳ ಜೊತೆಯವರ ಪಕ್ಕ, ದಿನಾ ಅವಳು ಕೂರುವ ಹಲಗೆಯ ಮೇಲೆ ಕೂತಿದ್ದೆ.

ದೋಣಿ ಇನ್ನೂ ದಡ ಬಿಟ್ಟಿರಲಿಲ್ಲ, ಯಾಕೆ ಇಳಿಯಲಿಲ್ಲ ನಾನು?